ತಕ್ಕಡಿಗೆ ಸಿಗದ ತಾಮ್ರ



ಹಳೇ ತಾಮ್ರದ ಹಂಡೆಯೊಂದನ್ನು ಪಾತ್ರೆ ಅಂಗಡಿಗೆ ಒಯ್ಯಿರಿ. ಅಂಗಡಿಯವರು ಅದರ ಅಂದ ನೋಡುವುದಿಲ್ಲ, ವಯಸ್ಸು ಕೇಳುವುದಿಲ್ಲ. ನೇರ ತಕ್ಕಡಿಗೆ ಏರಿಸುತ್ತಾರೆ. ತೂಕಕ್ಕೆ ತಕ್ಕಂತೆ ನಿಮಗೊಂದು ಸ್ಟೀಲ್ ಡಬ್ಬಿಯೋ ಕುಕ್ಕರೋ ಸಿಗುತ್ತದೆ, ಹಂಡೆ ಕುಲುಮೆಯ ದಾರಿ ಹಿಡಿಯುತ್ತದೆ. ಹೀಗೆ ತೂಕಕ್ಕೆ ಬೀಳುವ ಲೋಹಕ್ಕೆ ಮರಾಠಿಯವರು ‘ಮೋಡ’ ಎನ್ನುತ್ತಾರೆ, ನಾವು ಗುಜರಿ ಎನ್ನುತ್ತೇವೆ. ಆ ತಕ್ಕಡಿಯಿಂದ ಹೇಗೋ ತಪ್ಪಿಸಿಕೊಂಡು ವಸ್ತುಸಂಗ್ರಹಾಲಯದ ಗಾಜಿನೊಳಗೆ ಕುಳಿತ ಪಾತ್ರೆಗಳ ಬಗ್ಗೆ ಇವತ್ತು ಮಾತಾಡೋಣ.

ಗೋದಾವರಿಯ ದಂಡೆಯ ಪೈಠಣದಿಂದ ಶುರು ಮಾಡುತ್ತೇನೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಎಂದು ಕವಿರಾಜಮಾರ್ಗ ಹೇಳಿದ ಆ ಗೋದಾವರಿ ಇದೇ. ಪೈಠಣದ ಹಳೆಯ ಹೆಸರು ಪ್ರತಿಷ್ಠಾನ, ಶಾತವಾಹನರ ರಾಜಧಾನಿ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಹೆಸರಿಲ್ಲದ ಒಬ್ಬ ಗ್ರೀಕ್ ನಾವಿಕ ಬರೆದಿಟ್ಟ ‘ಪೆರಿಪ್ಲಸ್’ ಎಂಬ ಕಡಲ ಕೈಪಿಡಿಯಲ್ಲಿ ಈ ಊರಿದೆ. ಇಲ್ಲಿಂದ ಬಣ್ಣದ ಕಲ್ಲುಗಳು ಬಂಡಿ ಏರಿ ಭರೂಚ್ ಬಂದರಿಗೆ ಹೋಗುತ್ತಿದ್ದವಂತೆ. ಅದೇ ಬಂದರಿನಲ್ಲಿ ಹೊರಗಿನಿಂದ ಇಳಿಯುತ್ತಿದ್ದ ಸರಕಿನ ಪಟ್ಟಿಯಲ್ಲಿ ತಾಮ್ರ, ತವರ, ಸೀಸ ಮೂರೂ ಇವೆ. ಹಡಗಿನಲ್ಲಿ ಬಂದ ತಾಮ್ರವನ್ನು ಯಾರು ತಾನೇ ತಿಪ್ಪೆಗೆ ಎಸೆದಾರು?

ಎಸೆಯಲಿಲ್ಲ. ಅದಕ್ಕೇ ಇಂಥ ಹಳೆಯ ಊರುಗಳ ದಿಬ್ಬ ಅಗೆದವರಿಗೆ ಬುಟ್ಟಿಗಟ್ಟಲೆ ಸಿಗುವುದು ಮಡಕೆಯ ಚೂರು. ಒಡೆದ ಮಡಕೆಯನ್ನು ಯಾರೂ ಎತ್ತಿಕೊಳ್ಳುವುದಿಲ್ಲ, ಅದು ಬಿದ್ದಲ್ಲೇ ಉಳಿಯುತ್ತದೆ. ತೂತು ಬಿದ್ದ ತಂಬಿಗೆಯನ್ನು ಮಾತ್ರ ಯಾರೋ ಎತ್ತಿಕೊಳ್ಳುತ್ತಾರೆ. ಅದು ಕರಗಿ ಮತ್ತೊಂದು ತಂಬಿಗೆಯಾಗುತ್ತದೆ. ಬಾಳಾಸಾಹೇಬ ಪಾಟೀಲರು ಬಾಳೆಲ್ಲ ಕೂಡಿಸಿದ ಪ್ರಾಚ್ಯವಸ್ತುಗಳಿಂದ ಆದ ವಸ್ತುಸಂಗ್ರಹಾಲಯ ಪೈಠಣದಲ್ಲಿ ಅವರ ಹೆಸರಿನಲ್ಲೇ ಇದೆ. ಅಂಥ ಕಡೆ ಸುಟ್ಟ ಮಣ್ಣಿನ ಬೊಂಬೆ, ಮಣಿಗಳನ್ನು ನೋಡುವಾಗ ಒಂದು ಮಾತು ನೆನಪಿರಲಿ: ಆ ಕಾಲದವರು ಬರೀ ಮಣ್ಣಿನಲ್ಲೇ ಉಂಡರು ಎಂದಲ್ಲ. ಅವರ ಲೋಹ ಅವರ ಮೊಮ್ಮಕ್ಕಳ ಅಡಿಗೆಮನೆಗೆ ಹೋಯಿತು, ಅಲ್ಲಿಂದ ಇನ್ನೆಲ್ಲಿಗೋ.

ಪಾತ್ರೆ ಉಳಿಯಬೇಕಾದರೆ ಅದರ ಒಡೆಯನಿಗೆ ಏನಾದರೂ ಆಗಬೇಕು ಎಂದು ನನಗೆ ಅನ್ನಿಸುವುದುಂಟು. ಕ್ರೂರ ಮಾತು, ಆದರೆ ಕೊಲ್ಹಾಪುರದ ಬ್ರಹ್ಮಪುರಿ ದಿಬ್ಬ ನೋಡಿ. ಪಂಚಗಂಗೆಯ ದಡದ ಆ ದಿಬ್ಬದಲ್ಲಿ 1944-45ರ ಸುಮಾರಿಗೆ ಅಗೆತ ಮಾಡಿಸಿದವರು ನಮ್ಮವರೇ, ರಾಜಾರಾಮ ಕಾಲೇಜಿನಲ್ಲಿದ್ದ ಕನ್ನಡ ವಿದ್ವಾಂಸ ಪ್ರೊ. ಕೆ. ಜಿ. ಕುಂದಣಗಾರರು. 1961ರ ಗದಗ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದವರು. ಅವರಿಗೆ ಸಿಕ್ಕಿದ್ದು ದೊಡ್ಡ ಲೋಹದ ಪಾತ್ರೆಗಳೊಳಗೆ ಒತ್ತೊತ್ತಾಗಿ ತುಂಬಿಟ್ಟ ಕಂಚಿನ ಸಾಮಾನು: ಹಿಡಿಯುಳ್ಳ ಹೂಜಿ, ಕನ್ನಡಿ, ಬಗೆಬಗೆಯ ಪಾತ್ರೆ, ಜೊತೆಗೆ ರೋಮನ್ನರ ಕಡಲದೇವತೆಯ ಪುಟ್ಟ ವಿಗ್ರಹ. ಕೆಲವು ಇಟಲಿಯ ಕಡೆಯಿಂದ ಬಂದವು, ಉಳಿದವು ನಮ್ಮ ನೆಲದವು. ಯಾರೋ ಮನೆಯ ಲೋಹವನ್ನೆಲ್ಲ ಒಂದೆಡೆ ಸೇರಿಸಿಟ್ಟು, ಮತ್ತೆ ಬಂದು ತೆಗೆಯಲಾಗದೆ ಹೋಗಿರಬೇಕು. ಅವರು ತಿರುಗಿ ಬಂದಿದ್ದರೆ ಕೊಲ್ಹಾಪುರದ ಟೌನ್ ಹಾಲ್ ವಸ್ತುಸಂಗ್ರಹಾಲಯದಲ್ಲಿ ಇವತ್ತು ಆ ಹೂಜಿ ಇರುತ್ತಿರಲಿಲ್ಲ.

ಕೇಳಿ ಕೊಂಡು ಉಳಿಸಿದವರೂ ಇದ್ದಾರೆ. ಪುಣೆಯ ದಿನಕರ ಕೇಳ್ಕರರು (1896–1990) ಊರೂರು ತಿರುಗಿ ದೀಪ, ಪಾತ್ರೆ, ಬೀಗ, ಅಡಕತ್ತರಿಗಳನ್ನು ಕೂಡಿಸಿದರು; ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ಹೆಸರನ್ನು ಆ ಸಂಗ್ರಹಕ್ಕೆ ಇಟ್ಟರು. ಅಲ್ಲಿ ಕನ್ನಡಿಗರು ಒಂದು ಗಳಿಗೆ ನಿಲ್ಲಬೇಕಾದ್ದು ಅಡಕತ್ತರಿಗಳ ಮುಂದೆ. ಮರಾಠಿಯಲ್ಲಿ ಅದು ‘ಅಡಕಿತ್ತಾ’. ನಮ್ಮ ಅಡಕೆ, ಕತ್ತರಿ ಎರಡೂ ಆ ಹೆಸರಿನೊಳಗೆ ಕೂತಿವೆ. ನಮ್ಮ ಹಂಡೆ ಅಲ್ಲಿ ಹಂಡಾ, ತಂಬಿಗೆ ಅಲ್ಲಿ ತಾಂಬ್ಯಾ. ತಮಾಷೆ ಎಂದರೆ ಗಂಗಾಳ: ಹುಬ್ಬಳ್ಳಿ-ಧಾರವಾಡದ ಕಡೆ ಗಂಗಾಳದಲ್ಲಿ ಊಟ ಬಡಿಸುತ್ತಾರೆ, ಮರಾಠಿ ಮನೆಯ ‘ಘಂಗಾಳ’ ಸ್ನಾನದ ನೀರು ತುಂಬುವ ಅಗಲ ಬಾಯಿಯ ಪಾತ್ರೆ. ಬೀಗರ ಮನೆಯಲ್ಲಿ ಗಂಗಾಳ ತನ್ನಿ ಎಂದರೆ ಏನು ಬರುತ್ತದೋ!

ಇನ್ನು ಮೈ ತುಂಬ ಚುಕ್ಕೆ ಚುಕ್ಕೆ ಮಿನುಗುವ ತಾಮ್ರದ ಹಂಡೆ. ಆ ಚುಕ್ಕೆ ಬರೀ ಅಲಂಕಾರವಲ್ಲ. ಕಾಯಿಸಿ ಆರಿಸಿದ ತಾಮ್ರ ಮೆತ್ತಗಿರುತ್ತದೆ, ಒತ್ತಿದರೆ ತಗ್ಗುತ್ತದೆ. ಸುತ್ತಿಗೆಯಿಂದ ಒತ್ತೊತ್ತಾಗಿ ಬಡಿದಾಗ ಗಟ್ಟಿಯಾಗುತ್ತದೆ, ತೆಳು ತಗಡೂ ನೀರಿನ ಭಾರ ತಡೆಯುತ್ತದೆ. ಪುಣೆಯ ತಾಂಬಟರು, ಅಂದರೆ ತಾಮ್ರದ ಪಾತ್ರೆ ಬಡಿಯುವವರು, ಈ ಕೆಲಸಕ್ಕೆ ‘ಮಠಾರಕಾಮ’ ಎನ್ನುತ್ತಾರೆ. ಒಂದು ಹಂಡೆಗೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಎಣಿಸಲು ಹೋಗಬೇಡಿ, ಸಂಜೆಯಾದೀತು.

ಹೊರಗೆ ಕೆಂಪು, ಒಳಗೆ ಬೆಳ್ಳಿಯಂಥ ಬಿಳುಪು ಕಂಡರೆ ಅದು ಅಡಿಗೆಯ ಪಾತ್ರೆ. ಹುಣಸೆಹುಳಿ, ಮಜ್ಜಿಗೆ ಬರಿಯ ತಾಮ್ರಕ್ಕೋ ಹಿತ್ತಾಳೆಗೋ ತಾಗಿದರೆ ಕಿಲುಬು ಏಳುತ್ತದೆ, ಅದು ವಿಷ. ಅದಕ್ಕೇ ಕಲಾಯಿ. ಪಾತ್ರೆ ಕಾಯಿಸಿ ನವಸಾಗರ ಚೆಲ್ಲಿದರೆ ಬಿಳಿ ಹೊಗೆ ಎದ್ದು ಲೋಹದ ಮೇಲಿನ ಕಲೆ ಬಿಡುತ್ತದೆ. ಆಗ ತವರ ತಾಗಿಸಿ ಅರಳೆಯಿಂದ ಸವರಬೇಕು. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು, ತಾಮ್ರಕ್ಕೆ 1085 ಬೇಕು. ಆದ್ದರಿಂದ ಪಾತ್ರೆ ಹಾಗೇ ಇದ್ದು ತವರ ಮಾತ್ರ ನೀರಿನಂತೆ ಹರಡುತ್ತದೆ. ದಿನಾ ತಿಕ್ಕಿದರೆ ಕಲಾಯಿ ಸವೆಯುತ್ತದೆ. ಗಾಜಿನೊಳಗಿನ ಪಾತ್ರೆಯ ತಳದಲ್ಲಿ ಬಿಳುಪು ಹರಿದು ಕೆಂಪು ಇಣುಕಿದರೆ ಆ ಮನೆಯ ಸೌಟು ಎಲ್ಲಿ ತಿರುಗುತ್ತಿತ್ತು ಎಂದು ತಿಳಿಯುತ್ತದೆ. ಅದನ್ನು ಹೊಳಪು ಕೊಟ್ಟು ಹೊಸದು ಮಾಡಿ ಇಡುವವರನ್ನು ಕಂಡರೆ ನನಗೆ ಸಂಕಟ.

ಪೈಠಣಕ್ಕೆ ಹೋದವರು ನೋಡಲೇಬೇಕಾದ ಇನ್ನೊಂದು ಪಾತ್ರೆ ಇದೆ. ಅದು ಲೋಹದ್ದಲ್ಲ, ಆದ್ದರಿಂದ ತಕ್ಕಡಿಯ ಭಯವೂ ಇಲ್ಲ: ಸಂತ ಏಕನಾಥರ ಮನೆಯ ರಾಂಜಣ, ಅಂದರೆ ನೀರು ತುಂಬಿಡುವ ದೊಡ್ಡ ಬಾನಿ. ಕೃಷ್ಣನೇ ಶ್ರೀಖಂಡ್ಯಾ ಎಂಬ ಆಳಾಗಿ ಬಂದು ಗೋದಾವರಿಯಿಂದ ನೀರು ಹೊತ್ತು ಅದನ್ನು ತುಂಬುತ್ತಿದ್ದ ಎಂದು ಕಥೆ. ಫಾಲ್ಗುಣ ಬಹುಳ ಬಿದಿಗೆಯಂದು ಅದಕ್ಕೆ ಪೂಜೆಯಾಗಿ, ನಾಥಷಷ್ಠಿಯ ಜಾತ್ರೆಗೆ ಬಂದವರು ಇವತ್ತಿಗೂ ನೀರು ತಂದು ಸುರಿಯುತ್ತಾರೆ. ದೇವರು ಬಂದು ಸುರಿದ ಕೊಡಕ್ಕೇ ರಾಂಜಣ ಉಕ್ಕುವುದು ಎಂದು ನಂಬಿಕೆ. ಸಾಲಿನಲ್ಲಿ ನಿಂತವರೆಲ್ಲ, ಯಾರ ಕೊಡಕ್ಕೆ ಉಕ್ಕಿತು ಎಂದು ಕತ್ತು ಚಾಚಿ ನೋಡುತ್ತಿರುತ್ತಾರೆ.