ಲಸಿಕೆಯ ಸಾಲಿನಲ್ಲಿ ನಮ್ಮ ಮಾತು



ಕೊರೋನಾ ಲಸಿಕೆಯ ದಿನಗಳು ಕಳೆದು ವರ್ಷಗಳಾದವು. ‘ಮುಗಿದ ಕತೆಯನ್ನು ಈಗ ಯಾಕೆ ಎತ್ತುತ್ತೀರಿ?’ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕಾಸರಗೋಡಿನಂಥ ಗಡಿನಾಡಿನ ನಮಗೆ ಆ ದಿನಗಳು ಒಂದು ವಿಷಯವನ್ನು ಚೆನ್ನಾಗಿ ಮನದಟ್ಟು ಮಾಡಿಕೊಟ್ಟವು. ಮದ್ದು ಜನರಿಗೆ ಸರಿಯಾಗಿ ತಲಪಬೇಕಾದರೆ ಅದರ ಜೊತೆಗೆ ಅವರ ಭಾಷೆಯ ನಾಲ್ಕು ಮಾತೂ ತಲಪಬೇಕು. ಇಂದು ಆ ಬಗ್ಗೆ ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ.

ನಮ್ಮ ದೇಶದಲ್ಲಿ ಲಸಿಕೆ ಹಾಕುವ ಕೆಲಸ 2021ರ ಜನವರಿ 16ರಂದು ಆರಂಭವಾಯಿತು. ಮೊದಲು ಆರೋಗ್ಯ ಕಾರ್ಯಕರ್ತರಿಗೆ, ಮಾರ್ಚ್ 1ರಿಂದ ಅರುವತ್ತು ದಾಟಿದವರಿಗೆ ಮತ್ತು ಬೇರೆ ಕಾಯಿಲೆ ಇರುವ ನಲುವತ್ತೈದು ದಾಟಿದವರಿಗೆ, ಏಪ್ರಿಲ್ 1ರಿಂದ ನಲುವತ್ತೈದು ದಾಟಿದ ಎಲ್ಲರಿಗೆ, ಮೇ 1ರಿಂದ ಹದಿನೆಂಟು ತುಂಬಿದವರಿಗೆ. ಪುಣೆಯಲ್ಲಿ ತಯಾರಾದ ಕೋವಿಶೀಲ್ಡ್, ಹೈದರಾಬಾದಿನ ಕೋವ್ಯಾಕ್ಸಿನ್ ಎಂಬ ಹೆಸರುಗಳು ಅಡಿಕೆ ಸುಲಿಯುವ ಜಗಲಿಗಳಲ್ಲಿಯೂ ಕೇಳಿಬಂದವು.

ನಮ್ಮ ಹಿರಿಯರಿಗೆ ಚುಚ್ಚುಮದ್ದು ಹೊಸತಲ್ಲ. ಸಿಡುಬಿನ ಲಸಿಕೆಯ ದುಂಡಗಿನ ಕಲೆ ಅವರ ತೋಳಿನ ಮೇಲೆ ಇಂದಿಗೂ ಉಂಟು. ಆ ರೋಗ ದೇಶ ಬಿಟ್ಟುಹೋದದ್ದನ್ನು ಕಣ್ಣಾರೆ ಕಂಡವರು ಅವರು. ಹಾಗಿದ್ದರೂ ಈ ಬಾರಿ ಹೆದರಿದರು. ಹೆದರಿಸಿದ್ದು ಮೊಬೈಲಿನಲ್ಲಿ ಬಂದ ಸುದ್ದಿ. ‘ಈ ಸೂಜಿ ಹಾಕಿಸಿಕೊಂಡವರು ಎರಡು ವರ್ಷ ಬದುಕುವುದಿಲ್ಲ’, ‘ಮಕ್ಕಳಾಗುವುದಿಲ್ಲ’ ಎಂಬ ಪುಕಾರು ಅಚ್ಚ ಕನ್ನಡದಲ್ಲಿ, ಅಚ್ಚ ತುಳುವಿನಲ್ಲಿ ಮನೆಮನೆಗೆ ಬಂತು. ಅದು ಸುಳ್ಳೆಂದು ತಿಳಿಸುವ ಪ್ರಕಟಣೆ ಮಾತ್ರ ಹೆಚ್ಚಾಗಿ ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಇರುತ್ತಿತ್ತು. ನಮ್ಮಲ್ಲಿ ಹೆಚ್ಚಿನವರು ಮಲಯಾಳ ಮಾತನಾಡಬಲ್ಲೆವು, ನಿಜ. ಆದರೆ ಪೇಟೆಯಲ್ಲಿ ವ್ಯಾಪಾರ ಮಾಡುವುದಕ್ಕೆ ಸಾಕಾಗುವ ಮಾತು, ಎದೆಯ ಹೆದರಿಕೆ ಹೇಳಿಕೊಳ್ಳುವುದಕ್ಕೆ ಸಾಕಾಗುವುದಿಲ್ಲ.

ಆ ಏಪ್ರಿಲಿನಲ್ಲಿ ನಾನು ಕೆಲವು ದಿನ ನಮ್ಮ ಆರೋಗ್ಯ ಕೇಂದ್ರದಲ್ಲಿ, ಹೆಸರು ನೋಂದಾಯಿಸಲು ಬಂದವರಿಗೆ ಸಹಾಯ ಮಾಡುತ್ತಿದ್ದೆ. ಲಸಿಕೆ ಕೊಡುತ್ತಿದ್ದ ನರ್ಸ್ ತೆಂಕಣ ಜಿಲ್ಲೆಯಿಂದ ಬಂದ ಹುಡುಗಿ, ಬಹಳ ತಾಳ್ಮೆಯವಳು. ಒಬ್ಬ ಅಜ್ಜಿಯೊಡನೆ, ‘ಪನಿಯುಂಡೋ?’ ಎಂದು ಕೇಳಿದಳು. ಮಲಯಾಳದಲ್ಲಿ ಪನಿ ಎಂದರೆ ಜ್ವರ, ತುಳುವಿನಲ್ಲಿ ತುಂತುರು ಮಳೆ. ಅಜ್ಜಿ ಹೊರಗೆ ನೋಡಿ, ‘ಎಲ್ಲಿಯ ಪನಿ ಮಗಾ, ಈ ಸುಡುಬಿಸಿಲಿಗೆ!’ ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅರ್ಥ ತಿಳಿದ ಮೇಲೆ ನರ್ಸ್ ಕೂಡ ನಕ್ಕಳು. ಮರುದಿನದಿಂದ ಅವಳು ‘ಜ್ವರ ಉಂಟಾ?’ ಎಂದೇ ಕೇಳುತ್ತಿದ್ದಳು.

ಆದರೆ ಎಲ್ಲವೂ ನಗುವ ವಿಷಯವಾಗಿರಲಿಲ್ಲ. ಅದೇ ಸಾಲಿನಲ್ಲಿದ್ದ ಒಬ್ಬರು ಮೂರು ದಿನಗಳಿಂದ ರಕ್ತದೊತ್ತಡದ ಮಾತ್ರೆ ಬಿಟ್ಟಿದ್ದರು, ಬೆಳಗ್ಗೆ ಗಂಜಿಯನ್ನೂ ಕುಡಿದಿರಲಿಲ್ಲ. ಹಾಗೆ ಮಾಡಬೇಕೆಂದು ಯಾರೋ ಹೇಳಿದ್ದರಂತೆ. ನಮ್ಮ ಆಶಾ ಕಾರ್ಯಕರ್ತೆ ಅವರನ್ನು ಬದಿಗೆ ಕೂರಿಸಿ, ‘ಮಾತ್ರೆ ಬಿಡಲಿಕ್ಕಿಲ್ಲ ಮಾವ, ಹೊಟ್ಟೆಗೂ ಏನಾದರೂ ತಿನ್ನಿ. ಸೂಜಿ ಆದ ಮೇಲೆ ಅರ್ಧ ಗಂಟೆ ಇಲ್ಲೇ ಕೂತಿರಿ. ಮೈ ಬಿಸಿಯಾದರೆ ಹೆದರಬೇಡಿ, ಒಂದೆರಡು ದಿನದಲ್ಲಿ ಇಳಿಯುತ್ತದೆ’ ಎಂದು ತಿಳಿಸಿದಳು. ಎರಡು ನಿಮಿಷದ ಮಾತು. ಅದಿಲ್ಲದಿದ್ದರೆ ಆ ಮನುಷ್ಯ ಎಷ್ಟು ದಿನ ಮಾತ್ರೆಯಿಲ್ಲದೆ ಇರುತ್ತಿದ್ದರೋ.

ಕಾರಣ ಹೇಳಿದರೆ ಜನ ಸಹಕರಿಸುತ್ತಾರೆ ಎಂಬುದನ್ನೂ ಅಲ್ಲಿ ಕಂಡೆ. ಕೋವಿಶೀಲ್ಡಿನ ಒಂದು ಕುಪ್ಪಿಯಲ್ಲಿ ಹತ್ತು ಮಂದಿಗಾಗುವ ಮದ್ದು. ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು. ಹಾಗಾಗಿ ಹತ್ತು ಮಂದಿ ಸೇರುವವರೆಗೆ ಕಾಯಬೇಕು. ಇದು ತಿಳಿಯದೆ ಕೆಲವರು ರೇಗಿದರು. ತಿಳಿಸಿ ಹೇಳಿದ ಮೇಲೆ ಅವರೇ ಫೋನ್ ಮಾಡಿ ನೆರೆಮನೆಯವರನ್ನು ಕರೆಸಿದರು. ಕುಪ್ಪಿಯಲ್ಲಿ ಸ್ವಲ್ಪ ಹೆಚ್ಚು ಮದ್ದು ತುಂಬಿರುತ್ತದೆ. ಒಂದು ಹನಿಯನ್ನೂ ಚೆಲ್ಲದ ನರ್ಸುಗಳು ಅದರಿಂದ ಹನ್ನೊಂದನೆಯವರಿಗೂ ಕೊಟ್ಟರು. 2021ರ ಮೇ ಆರಂಭದಲ್ಲಿ ಸರಕಾರ ಕೊಟ್ಟ ಲೆಕ್ಕದಂತೆ, ಕೇರಳಕ್ಕೆ ಬಂದದ್ದು 73,38,806 ಡೋಸ್, ಹಾಕಿದ್ದು 74,26,164 ಡೋಸ್!

ಎರಡನೇ ಡೋಸಿನ ಅವಧಿ ಮಾತ್ರ ಬಹಳ ಗೊಂದಲ ಉಂಟುಮಾಡಿತು. ಕೋವಿಶೀಲ್ಡಿಗೆ ಮೊದಲು ನಾಲ್ಕರಿಂದ ಆರು ವಾರವೆಂದರು, ಮಾರ್ಚಿನಲ್ಲಿ ಆರರಿಂದ ಎಂಟಾಯಿತು, ಮೇ ತಿಂಗಳಲ್ಲಿ ಹನ್ನೆರಡರಿಂದ ಹದಿನಾರಾಯಿತು. ‘ಮದ್ದು ಮುಗಿದದ್ದಕ್ಕೆ ನೆವ ಹೇಳುತ್ತಾರೆ’ ಎಂದು ವಾಪಸು ಹೋದವರಿದ್ದರು. ನೋಂದಣಿಯ ಕೋವಿನ್ ಜಾಲತಾಣ ಕನ್ನಡದಲ್ಲಿಯೂ ಸಿಗತೊಡಗಿದ್ದು ಆ ವರ್ಷದ ಜೂನಿನಲ್ಲಿ. ಅಷ್ಟರವರೆಗೆ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳೇ ಗುಮಾಸ್ತರು.

ಇನ್ನು ಗಡಿಯ ಮಾತು. ನಮಗೆ ದೊಡ್ಡ ಆಸ್ಪತ್ರೆಯೆಂದರೆ ಮಂಗಳೂರು. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು, ಆ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಿಮಗೆ ನೆನಪಿರಬಹುದು. ಲಸಿಕೆಯಾದರೆ ದಾರಿ ಸಲೀಸಾದೀತೆಂದು ನಂಬಿದ್ದೆವು. ಆದರೆ 2021ರ ಆಗಸ್ಟಿನಲ್ಲಿ, ಎರಡೂ ಡೋಸ್ ಆದವರು ಸಹ 72 ಗಂಟೆಯೊಳಗಿನ ಪರೀಕ್ಷೆಯ ವರದಿ ತೋರಿಸಿಯೇ ಕರ್ನಾಟಕಕ್ಕೆ ಕಾಲಿಡಬೇಕಾಯಿತು. ಮಹಾರಾಷ್ಟ್ರದಿಂದ ಬರುವವರಿಗೂ ಇದೇ ನಿಯಮವಿತ್ತು. ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಹಾಗಾದರೆ ಮುಂದೆ ನಾವು ಮಾಡಬೇಕಾದದ್ದೇನು? ಯಾವ ಭಾಷೆಯ ಮೇಲೂ ನಮಗೆ ಮುನಿಸಿಲ್ಲ. ನಮ್ಮ ಹಕ್ಕು ಮಾತ್ರ ನಮಗೆ ನೆನಪಿರಬೇಕು. ಸಂವಿಧಾನದ 350ನೇ ವಿಧಿಯಂತೆ, ಕುಂದುಕೊರತೆಯ ಮನವಿಯನ್ನು ದೇಶದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲಿ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡುವ ಅವಕಾಶ ಉಂಟು. ನಿಮ್ಮ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕನ್ನಡದ ಸೂಚನೆ ಉಂಟೇ ಎಂದು ಈ ವಾರವೇ ನೋಡಿರಿ. ಇಲ್ಲವಾದರೆ ನಾಲ್ಕು ಮಂದಿ ಸಹಿ ಮಾಡಿ, ಕನ್ನಡದಲ್ಲಿಯೇ ಒಂದು ಅರ್ಜಿ ಬರೆದು ಪಂಚಾಯತಿಗೆ ಕೊಡಿರಿ. ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ತಿಳಿಯದಿದ್ದುದನ್ನು ನಾಚಿಕೆಪಡದೆ ಎರಡನೇ ಸಲ ಕೇಳಿರಿ. ಅಂಗಳಕ್ಕೆ ಬರುವ ಆಶಾ ಕಾರ್ಯಕರ್ತೆಯನ್ನು ಒಂದು ಲೋಟ ನೀರು ಬೆಲ್ಲ ಕೊಟ್ಟು ಕೂರಿಸಿ, ಅವಳ ಮಾತು ಪೂರ್ತಿ ಕೇಳಿರಿ.