ಅಪಾಯದ ಹೊತ್ತಿನಲ್ಲಿ ಜೊತೆಗಿರುವವನು



ಚಿತ್ರದುರ್ಗದ ಏಳುಸುತ್ತಿನ ಕೋಟೆಯನ್ನು ನಿಮ್ಮಲ್ಲಿ ಹಲವರು ಶಾಲೆಯ ಪ್ರವಾಸದಲ್ಲಿ ನೋಡಿರುತ್ತೀರಿ. ಅಲ್ಲಿ ಎಲ್ಲರೂ ನಿಂತು ನೋಡುವ ಜಾಗ ಒನಕೆ ಕಿಂಡಿ. ಬಂಡೆಗಳ ನಡುವೆ ಒಬ್ಬ ಮನುಷ್ಯ ಬಾಗಿ ನುಸುಳುವಷ್ಟೇ ಸಂದು. ಹೈದರಾಲಿಯ ಸೈನಿಕರು ಅದರೊಳಗಿಂದ ಒಬ್ಬೊಬ್ಬರಾಗಿ ನುಸುಳಿ ಬಂದರು. ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದ. ನೀರಿಗೆ ಬಂದಿದ್ದ ಓಬವ್ವ ಒನಕೆ ಹಿಡಿದು ನಿಂತಳು. ಈ ಕಥೆ ನಿಮಗೆ ಗೊತ್ತೇ ಇದೆ. ಆ ಗಳಿಗೆಯಲ್ಲಿ ಅವಳು ಯಾವ ದೇವರನ್ನು ನೆನೆದಳೋ ಕಥೆ ಹೇಳುವುದಿಲ್ಲ. ಅವಳ ಕೈ ನಡುಗಲಿಲ್ಲ ಎಂಬುದನ್ನು ಮಾತ್ರ ಹೇಳುತ್ತದೆ.

ಅದೇ ಬೆಟ್ಟದ ಮೇಲೆ ಎಷ್ಟು ಗುಡಿಗಳಿವೆ ಎಂಬುದನ್ನು ಗಮನಿಸಿದ್ದೀರಾ? ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ. ದುರ್ಗದ ನಾಯಕರು ಈ ದೇವರುಗಳಿಗೆ ನಡೆದುಕೊಂಡವರು. ಆದರೂ 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು. ಮದಕರಿ ನಾಯಕ ಸೆರೆಯಾದ. ಓಬವ್ವನೂ ಆ ದಿನ ಬದುಕಿ ಉಳಿಯಲಿಲ್ಲವೆಂದೇ ಜನ ಹೇಳುತ್ತಾರೆ. ಹಾಗಾದರೆ ದೇವರು ಎಲ್ಲಿದ್ದ? ಈ ಪ್ರಶ್ನೆ ನಿಮ್ಮ ಮನಸ್ಸಿಗೆ ಬಂದರೆ ಅದು ತಪ್ಪಲ್ಲ. ನಂಬುವವರು ಕೇಳಿಕೊಳ್ಳಲೇಬೇಕಾದ ಪ್ರಶ್ನೆ ಅದು.

ನನಗೆ ತೋರುವ ಉತ್ತರ ಇದು. ದೇವರಿದ್ದಾನೆ ಎಂದರೆ ಅಪಾಯ ಬಾರದು ಎಂದಲ್ಲ, ಬಂದಾಗ ನಾವು ಒಬ್ಬಂಟಿಗಳಲ್ಲ ಎಂದು. ಮೊದಲನೆಯದು ಕರಾರು, ಎರಡನೆಯದು ನಂಬಿಕೆ. ಕರಾರು ಮಾಡಿಕೊಂಡವನು ಮೊದಲ ಪೆಟ್ಟಿಗೇ ದೇವರನ್ನು ಬಿಡುತ್ತಾನೆ. ನಂಬಿದವನು ಪೆಟ್ಟು ತಿಂದರೂ ತನ್ನ ಕೆಲಸ ಬಿಡುವುದಿಲ್ಲ.

ಇದರಿಂದ ಏನು ಪ್ರಯೋಜನ ಎಂದು ಕೇಳಬಹುದು. ನಾನು ವಿಜ್ಞಾನ ಓದಿದವನು, ಅಲ್ಲಿಂದಲೇ ಹೇಳುತ್ತೇನೆ. ಭಯವಾದಾಗ ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ, ಎದೆ ಬಡಿದುಕೊಳ್ಳುತ್ತದೆ, ಉಸಿರು ಮೇಲೇರುತ್ತದೆ. ಓಡಲು ಇದು ಒಳ್ಳೆಯದು, ಯೋಚಿಸಲು ಅಲ್ಲ. 2001ರಲ್ಲಿ ಇಟಲಿಯ ಸಂಶೋಧಕರು 23 ಜನರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನೂ ಬೌದ್ಧರ ಮಂತ್ರವನ್ನೂ ಹೇಳಿಸಿ ಅಳೆದು ನೋಡಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿದಿತ್ತು. ದೇವರಿದ್ದಾನೆಂದು ಇದು ಸಾಬೀತು ಮಾಡುವುದಿಲ್ಲ. ಅದು ಪ್ರಯೋಗಶಾಲೆಯ ಕೆಲಸವೂ ಅಲ್ಲ. ಆದರೆ ಅಜ್ಜಿ ಗುಡುಗಿನ ರಾತ್ರಿ ನಿಧಾನವಾಗಿ ದೇವರ ಹೆಸರು ಹೇಳುತ್ತಿದ್ದುದು ಬರಿಯ ಅಂಜಿಕೆಯಲ್ಲ ಎಂದು ತಿಳಿಯುತ್ತದೆ.

ಹಿರಿಯೂರಿನ ಕಡೆ ಶೇಂಗಾ ಹೊಲದಲ್ಲಿ ಕೆಲಸ ಮಾಡುತ್ತಿರುವಾಗ ಒಬ್ಬರಿಗೆ ಹಾವು ಕಚ್ಚಿತೆಂದು ಇಟ್ಟುಕೊಳ್ಳಿ. ಗಾಬರಿಯಿಂದ ಓಡಿದರೆ ವಿಷ ಬೇಗ ಹರಡುತ್ತದೆ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಹಗ್ಗದಿಂದ ಬಿಗಿಯಬಾರದು. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ, 108ಕ್ಕೆ ಫೋನ್ ಮಾಡಿ, ಪ್ರತಿವಿಷದ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸಬೇಕು. ದಾರಿಯುದ್ದಕ್ಕೂ ದೇವರ ಹೆಸರು ಹೇಳಲಿ. ಅದರಿಂದ ಮನಸ್ಸು ನಿಲ್ಲುತ್ತದೆ. ಆದರೆ ಗುಡಿಯ ಮುಂದೆ ಮಲಗಿಸಿ ಕಾಯುವುದು ನಂಬಿಕೆಯಲ್ಲ, ದೇವರನ್ನು ಪರೀಕ್ಷೆಗೆ ಕೂರಿಸುವುದು. ಬಾಯಲ್ಲಿ ಪ್ರಾರ್ಥನೆ ಇರಲಿ, ಪ್ರಯಾಣ ಆಸ್ಪತ್ರೆಯ ಕಡೆಗಿರಲಿ.

ಎಲ್ಲ ಅಪಾಯವೂ ಹಾವಿನಂತೆ ಒಮ್ಮೆಲೇ ಎರಗುವುದಿಲ್ಲ. ಬರಗಾಲ ಮೆಲ್ಲಗೆ ಬರುತ್ತದೆ. 1876ರಿಂದ 1878ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಅನಂತರ 1898ರಿಂದ 1907ರವರೆಗೆ, ಹೊಸದುರ್ಗದ ಸೀಮೆಯಿಂದ ಹರಿದು ಬರುವ ವೇದಾವತಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಅಣೆಕಟ್ಟು ಕಟ್ಟಿದರು. ಅದೇ ವಾಣಿವಿಲಾಸ ಸಾಗರ. ಅಣೆಕಟ್ಟಿನ ಹತ್ತಿರವೇ ಕಣಿವೆ ಮಾರಮ್ಮನ ಗುಡಿ. ಜನ ಆ ತಾಯಿಗೆ ಕೈಮುಗಿದರು, ಕೈಯಿಂದ ಕಲ್ಲನ್ನೂ ಇಟ್ಟರು.

ಆ ಜಲಾಶಯ ತುಂಬಿ ಕೋಡಿ ಹರಿದದ್ದು 1933ರಲ್ಲಿ. ಕಲ್ಲು ಹೊತ್ತವರಲ್ಲಿ ಎಷ್ಟೋ ಮಂದಿ ಅದನ್ನು ಕಂಡಿರಲಾರರು. ಮತ್ತೆ ಕೋಡಿ ಹರಿದದ್ದು 89 ವರ್ಷ ಕಳೆದು, 2022ರ ಸೆಪ್ಟೆಂಬರಿನಲ್ಲಿ. ಆಮೇಲೆ 2025ರ ಜನವರಿಯಲ್ಲಿ. ನಡುವಿನ ವರ್ಷಗಳಲ್ಲಿಯೂ ಇದ್ದಷ್ಟು ನೀರು ತೋಟಕ್ಕೆ, ಕುಡಿಯುವುದಕ್ಕೆ ಒದಗಿತು. ಫಲ ತನ್ನ ಕಣ್ಣಿಗೆ ಬೀಳದಿದ್ದರೂ ಇಂದಿನ ಕಲ್ಲನ್ನು ನೆಟ್ಟಗೆ ಇಡುವುದು, ನಿಧಾನವಾಗಿ ಬರುವ ಸಂಕಟದಲ್ಲಿ ನಂಬಿಕೆಯ ರೂಪ ಇದು.

ಇನ್ನು ನಿಮ್ಮ ಮಾತು. ಫಲಿತಾಂಶದಲ್ಲಿ ನಿಮ್ಮ ನಂಬರು ಕಾಣದ ದಿನ, ಮನೆಯಲ್ಲಿ ಸಾಲದ ಮಾತು ಕೇಳಿಬಂದ ದಿನ, ಇನ್ನು ದಾರಿಯೇ ಇಲ್ಲ ಎನಿಸಬಹುದು. ಹಾಗೆನಿಸಿದಾಗ ಹೊಳಲ್ಕೆರೆಯ ಗಣಪತಿಯನ್ನು ನೆನೆಯಿರಿ. ಬಯಲಲ್ಲೇ ಕೂತಿದ್ದಕ್ಕೆ ಅವನಿಗೆ ಬಯಲು ಗಣಪತಿ ಎಂದು ಹೆಸರು. ಬಿಸಿಲಿನಲ್ಲಿ ನಿಂತವನಿಗೆ ತಾನೂ ಬಿಸಿಲಿನಲ್ಲಿರುವ ದೇವರು ಹತ್ತಿರದವನೆನಿಸುತ್ತಾನೆ. ಅವನಿಗೆ ಹೇಳಿಕೊಳ್ಳಿ. ಹೇಳಿದ್ದನ್ನೇ ಒಬ್ಬ ಮನುಷ್ಯರಿಗೂ ಹೇಳಿ: ತಾಯಿಗೆ, ಮೇಷ್ಟರಿಗೆ, ಗೆಳೆಯನಿಗೆ. ಯಾರೂ ಸಿಗದಿದ್ದರೆ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಹಣ ಕೊಡಬೇಕಿಲ್ಲ.

ದೇವರಲ್ಲಿ ನಂಬಿಕೆಯಿಲ್ಲದ ಗೆಳೆಯರೂ ನಿಮ್ಮ ತರಗತಿಯಲ್ಲಿ ಇರಬಹುದು. ಅವರ ಕಷ್ಟದ ದಿನ ಅವರಿಗೆ ಉಪದೇಶ ಬೇಡ. ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ. ದೇವರು ಜೊತೆಗಿದ್ದಾನೆ ಎಂಬ ಮಾತು ಎಷ್ಟೋ ಸಲ ನಿಜವಾಗುವುದು ಹಾಗೆ ಬಂದು ಕುಳಿತ ಒಬ್ಬ ಮನುಷ್ಯನಿಂದ.