ಶ್ರಾವಣದ ಒಂದು ತಿಂಗಳು: ಕುಡಿತಕ್ಕೆ ವಿರಾಮ, ಹಾಡಿಗೆ ಜಾಗ

(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ಕುಡಿತದ ಮಾತೇಕೆ ಎಂದು ನೀವು ಕೇಳಬಹುದು. ಹಸುವಿನ ಕೆಚ್ಚಲಿಗೂ ಯಜಮಾನನ ಸಂಜೆಗೂ ಸಂಬಂಧವಿದೆ. ಹಸು ತೊರೆ ಬಿಡುವುದು ಆಕ್ಸಿಟೋಸಿನ್ ಎಂಬ ಹಾರ್ಮೋನಿನಿಂದ. ಕೂಗಾಟ, ಹೊಡೆತಗಳಿಂದ ಹಸು ಬೆದರಿದರೆ ಈ ಕೆಲಸಕ್ಕೆ ಅಡ್ಡಿಯಾಗಿ ಹಾಲು ಕೆಚ್ಚಲಲ್ಲೇ ಉಳಿಯುತ್ತದೆ. ಕೆಚ್ಚಲು ಬಾವಿಗೂ ಅದು ದಾರಿ. ಕುಡಿದವರು ಹಾಲು ಕರೆಯುವ ಹೊತ್ತು ತಪ್ಪಿಸುತ್ತಾರೆ, ಬೆದೆಯ ಲಕ್ಷಣ ಗಮನಿಸುವುದಿಲ್ಲ. ಒಂದು ಬೆದೆ ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು.

ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಹೊರಗಿನ ಕಾನೂನಿನ ಜೊತೆಗೆ ಮನೆಯೊಳಗಿನ ನಿರ್ಧಾರವೂ ಬೇಕು.

ಅದಕ್ಕೆ ನಮ್ಮಲ್ಲಿ ಹಳೆಯ ದಾರಿಯೇ ಇದೆ. ಶ್ರಾವಣ ಬಂದರೆ ಎಷ್ಟೋ ಜನ ಒಂದು ತಿಂಗಳು ಮದ್ಯ ಮುಟ್ಟುವುದಿಲ್ಲ. ಆದರೆ ಕಷ್ಟದ ಹೊತ್ತು ಯಾವುದು? ಸಂಜೆ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದು ಹೊರಟ ಮೇಲಿನ ಎರಡು ಗಂಟೆ. ಆ ಹೊತ್ತು ಬರಿದಾಗಿದ್ದರೆ ಕಾಲು ತಾನಾಗಿಯೇ ಅಂಗಡಿಯ ಕಡೆ ತಿರುಗುತ್ತದೆ. ಆ ಎರಡು ಗಂಟೆಯನ್ನು ನಿಮಗಿಷ್ಟವಾದ ಹಾಡಿಗೆ ಕೊಡಿ.

ಹಾಡಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಶಿಕಾರಿಪುರ ತಾಲ್ಲೂಕಿನವು. ಸೊರಬದ ಕಡೆ ಡೊಳ್ಳಿದೆ. ಭದ್ರಾವತಿ ಆಕಾಶವಾಣಿ 1965ರಿಂದ ಹಾಡುತ್ತಿದೆ. 'ಕಾಡು ಕುದುರೆ' ಚಿತ್ರದ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ನಮ್ಮ ಜಿಲ್ಲೆಯವರು. ವಚನವಿರಲಿ, ಭಜನೆಯಿರಲಿ, ರಾಜ್‌ಕುಮಾರ್ ಹಾಡಿರಲಿ, ನಿಮ್ಮ ಇಷ್ಟ. ಕೇಳುವುದಕ್ಕಿಂತ ಕೂಡಿ ಹಾಡುವುದು ಇನ್ನೂ ಮೇಲು. ಕುಡಿಯಬೇಕೆಂಬ ಚಪಲ ಏರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಅಷ್ಟು ಹೊತ್ತು ಕೈಯಲ್ಲಿ ತಾಳವಿದ್ದರೆ ಸಾಕು. ಅಂಗಡಿಗೆ ಎಳೆಯುವುದು ಎಷ್ಟೋ ಸಲ ಮದ್ಯಕ್ಕಿಂತ ಹೆಚ್ಚಾಗಿ ಗೆಳೆಯರ ಜೊತೆ. ಆ ಗೆಳೆಯನನ್ನೂ ಭಜನೆಗೆ ಕರೆಯಿರಿ. ಬುದ್ಧಿ ಹೇಳಬೇಡಿ, ತಾಳ ಕೊಡಿ.

ಹಸುವಿಗೂ ಇದರಿಂದ ನಷ್ಟವಿಲ್ಲ. 2001ರಲ್ಲಿ ಇಂಗ್ಲೆಂಡಿನ ಲೀಸೆಸ್ಟರ್ ವಿಶ್ವವಿದ್ಯಾಲಯದವರು ನಿಧಾನಗತಿಯ ಸಂಗೀತ ಕೇಳಿಸಿದಾಗ ಹಾಲು ಶೇಕಡ 3ರಷ್ಟು ಹೆಚ್ಚಿತೆಂದು ವರದಿ ಮಾಡಿದರು. ನಮ್ಮ ಕೊಟ್ಟಿಗೆಯಲ್ಲೂ ಅಷ್ಟೇ ಹೆಚ್ಚುತ್ತದೆಂದು ನಾನು ಮಾತು ಕೊಡಲಾರೆ. ಬೈಗುಳಕ್ಕಿಂತ ಹಾಡು ಹಸುವಿಗೆ ಹಿತ ಎಂದು ಮಾತ್ರ ಹೇಳಬಲ್ಲೆ.

ಒಂದು ತಿಂಗಳಲ್ಲಿ ಏನು ಸಿಗುತ್ತದೆ? ನಿದ್ದೆ ಸುಧಾರಿಸುತ್ತದೆ, ರಕ್ತದ ಒತ್ತಡ ಇಳಿಯಬಹುದು, ಪಿತ್ತಜನಕಾಂಗದಲ್ಲಿ ಸೇರಿದ ಕೊಬ್ಬು ಕರಗತೊಡಗುತ್ತದೆ. ದಿನಕ್ಕೆ 80 ರೂಪಾಯಿ ಖರ್ಚೆಂದು ಹಿಡಿದರೂ 30 ದಿನಕ್ಕೆ 2,400 ರೂಪಾಯಿ ಉಳಿತಾಯ. ಅದಕ್ಕೆ ಎಷ್ಟು ಚೀಲ ಪಶು ಆಹಾರ ಬರುತ್ತದೆಂದು ಬಟವಾಡೆಯ ದಿನ ನೀವೇ ಲೆಕ್ಕ ಹಾಕಿ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು, ಬೆಳಗ್ಗೆ ಕುಡಿಯದಿದ್ದರೆ ಕೈ ನಡುಗುವವರು ಒಮ್ಮೆಲೇ ಬಿಡಬಾರದು. ಎರಡು ಮೂರು ದಿನದೊಳಗೆ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ಅಂಥವರು ಮೊದಲು ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇದು ಕಾಯಿಲೆ, ಚಿಕಿತ್ಸೆ ಪಡೆಯಲು ನಾಚಿಕೆ ಬೇಡ.

ಕೊನೆಯದಾಗಿ, ಶ್ರಾವಣ ಮುಗಿದ ಮರುದಿನವೇ ಬಾಕಿ ತೀರಿಸುವಂತೆ ಕುಡಿದರೆ ತಿಂಗಳ ಫಲ ನೀರಿನಲ್ಲಿ ಹೋಮ. ಮೂವತ್ತು ಸಂಜೆ ಮದ್ಯವಿಲ್ಲದೆ ಕಳೆದವರಿಗೆ ಮೂವತ್ತೊಂದನೆಯ ಸಂಜೆಯೂ ಸಾಧ್ಯ. ಭಜನೆ ನಿಲ್ಲಿಸಬೇಡಿ. ಮುಂದಿನ ಶ್ರಾವಣಕ್ಕೆ ಪ್ರತಿ ಸಂಘದ ಊರಿನಲ್ಲೂ ಹಾಲು ಹಾಕಿದ ಮೇಲೆ ತಾಳದ ಸದ್ದು ಕೇಳಲಿ ಎಂದು ಹಾರೈಸುತ್ತೇನೆ.